ಆ ನಾಲ್ಕು ನಕ್ಷತ್ರ ನಾನು ಕೊಟ್ಟಿದ್ದಲ್ಲ

ಅಣ್ಣಾವ್ರ ಹಳೇ ಸಿನಿಮಾದ ಡಿವಿಡಿ ಹೇಗಿದೆ ಅಂತ ಪತ್ರಿಕೆಗೆ ನಾನು ಬರೆದು ಕಳಿಸಿದ ವಿಮರ್ಶೆ ಐದು ಪ್ಯಾರಾ. ಅಚ್ಚಾಗಿದ್ದು ಒಂದೂವರೆ. ಅದರಲ್ಲಿರೋದು ಕಥೆ, "ಅಣ್ಣಾವ್ರ ಅಭಿನಯ ಅಮೋಘ" ಅನ್ನೋ ಒಂದು ಸಾಲು, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಯಾರೋ ಕೂರಿಸಿದ ನಾಲ್ಕು ನಕ್ಷತ್ರ. ಅಣ್ಣಾವ್ರ ಅಭಿನಯ ಅಮೋಘ ಅಂತ ತುಮಕೂರಿನವರಿಗೆ ಹೇಳಿಕೊಡಬೇಕಾ? ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಅವರ ಗುಬ್ಬಿ ಕರ್ನಾಟಕ ಫಿಲಂಸ್ ಕೈಹಾಕಿದ್ದ 1954ರ ಬೇಡರ ಕಣ್ಣಪ್ಪದಲ್ಲೇ ಅಣ್ಣಾವ್ರು ನಾಯಕನಾಗಿ ಬಂದಿದ್ದು. ಡಿಸ್ಕಿನಲ್ಲಿರೋ ಸಿನಿಮಾ ಚೆನ್ನಾಗಿದೆ ಅಂತ ಇಲ್ಲಿಯವರಿಗೆ ಎಷ್ಟೋ ವರ್ಷದಿಂದ ಗೊತ್ತು. ಈ ಡಿಸ್ಕ್ ಚೆನ್ನಾಗಿದೆಯಾ ಇಲ್ವಾ, ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾನು ಬರೆದಿದ್ದು ಅದನ್ನ. ಕತ್ತರಿಸಿದ್ದೂ ಅದನ್ನೇ.

ಇವತ್ತು ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಒಬ್ಬ ಯಜಮಾನ್ರು ಆ ಡಿಸ್ಕಿನ ಡಬ್ಬೀನ ನನ್ನ ತಟ್ಟೆ ಪಕ್ಕ ಕುಕ್ಕಿದರು. "ಏನ್ ಸಾರ್, ನೀವೇ ತಾನೆ ಇದ್ನ ಬರ್ದಿದ್ದು? ನಮ್ಮಮ್ಮಂಗೆ ಎಂಬತ್ತು ದಾಟೈತೆ. ನಿಮ್ಮ ಮಾತು ನಂಬ್ಕಂಡು ತಂದ್ ಹಾಕ್ದೆ. ಅಣ್ಣಾವ್ರ ಮುಖ ನೋಡಿ, ಇದ್ಯಾರ್ಲಾ ಈ ದಪ್ಪಮುಖದೋನು ಅಂದ್ಲು. ಮಾತು ಒಂದೂ ತಿಳೀಲಿಲ್ಲ. ಕಾಯ್ಕಂಡ್ ಕುಂತಿದ್ದ ಹಾಡೇ ಬರ್ಲಿಲ್ಲ. ಎಷ್ಟ್ ಈಸ್ಕಂಡ್ರಿ ಇದಕ್ಕೆ?"

ಎಷ್ಟ್ ಈಸ್ಕಂಡ್ರಿ. ಹೋಟೆಲ್ ತುಂಬಾ ಜನ. ಚಟ್ನಿ ಬಡಿಸ್ತಿದ್ದ ಹುಡುಗ ಸೌಟು ಹಿಡ್ಕೊಂಡೇ ನಿಂತ. "ಅದೆಲ್ಲಾ ಬರೆದಿದ್ದೆ, ಅವರು ತೆಗೆದುಬಿಟ್ಟಿದ್ದಾರೆ" ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಥರ ಕೇಳಿಸ್ತು. "ಹೆಸರು ನಿಮ್ದೇ ಐತಲ್ಲ ಸಾರ್" ಅಂದ್ರು. ಅದಕ್ಕೆ ಏನು ಹೇಳ್ಲಿ? ಹೆಸರು ನನ್ನದೇ ಇದೆ. ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದರು, "ನೀವೇ ಇಟ್ಕಳಿ" ಅಂತ. ಬಿಲ್ ಕೊಡುವಾಗ ಗಲ್ಲಾದಲ್ಲಿ ಕೂತಿದ್ದವರೂ ನನ್ನ ಮುಖ ನೋಡಲಿಲ್ಲ.

ಆ ಮನುಷ್ಯ ಹೇಳಿದ ಮೂರು ದೂರು, ನನ್ನ ವಿಮರ್ಶೆಯಿಂದ ಕತ್ತರಿಸಿದ ಮೂರು ಪ್ಯಾರಾ. ಒಂದಕ್ಕೊಂದು ಸರಿಯಾಗಿ ಹೊಂದುತ್ತೆ. ಹೊಟ್ಟೆ ಉರಿಯೋದು ಅದಕ್ಕೇ.

ಮುಖ ದಪ್ಪ ಆಗಿದ್ದು ಯಾಕೆ? ಆ ಕಾಲದ ಕಪ್ಪು-ಬಿಳುಪು ಚಿತ್ರದ ಚೌಕಟ್ಟಿನ ಅಗಲ-ಎತ್ತರದ ಅಳತೆ 1.37:1, ಹಳೇ ಟಿವಿಯ 4:3ಕ್ಕೆ ಹೆಚ್ಚುಕಮ್ಮಿ ಸಮ. ಡಿಸ್ಕ್ ಮಾಡಿದವರು ಅದನ್ನ 16:9, ಅಂದ್ರೆ ಅಗಲದ ಟಿವಿಯ ಅಳತೆ, ಅಂತ ಗುರುತು ಹಾಕಿಬಿಟ್ಟಿದ್ದಾರೆ. ಪ್ಲೇಯರ್ ಆ ಗುರುತನ್ನೇ ನಂಬಿ ಚಿತ್ರವನ್ನ ಅಡ್ಡಡ್ಡ ಎಳೆಯುತ್ತೆ, ಅಗಲ ಮೂರನೇ ಒಂದು ಪಾಲು ಜಾಸ್ತಿ ಆಗುತ್ತೆ. ಇದನ್ನ ಮನೆಯಲ್ಲೇ ಸರಿಮಾಡಬಹುದು ಸ್ವಾಮಿ! ಪ್ಲೇಯರ್ ಸೆಟಪ್ಪನ್ನ 16:9ರಲ್ಲೇ ಬಿಡಿ, ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ಅಂತ ಇರುತ್ತೆ, ಅದನ್ನ 4:3 ಮಾಡಿ. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತೆ, ಮುಖ ಸರಿಹೋಗುತ್ತೆ. ಆ ಒಂದು ಸಾಲು ಅಚ್ಚಾಗಿದ್ದಿದ್ರೆ ಆ ತಾಯಿ ಅಣ್ಣಾವ್ರನ್ನ ಕಣ್ತುಂಬಾ ನೋಡ್ತಿದ್ದರು. ಇದಕ್ಕಿಂತ ಕೆಟ್ಟದ್ದು ಹಳೇ ಧಾರಾವಾಹಿ ಡಿಸ್ಕುಗಳಲ್ಲಿ ನಡೆಯುತ್ತೆ. ದೂರದರ್ಶನ ಕಾಲದ 4:3 ಚಿತ್ರವನ್ನ ಅಗಲದ ಟಿವಿಗೆ ತುಂಬಿಸೋಕೆ ಮೇಲೆ ಕೆಳಗೆ ಕತ್ತರಿಸ್ತಾರೆ, ಕಾಲು ಭಾಗ ಚಿತ್ರ ಹೋಗುತ್ತೆ. ಅದಕ್ಕೆ ಯಾವ ರಿಮೋಟಲ್ಲೂ ಮದ್ದಿಲ್ಲ.

ಹಾಡಿನ ವಿಷಯ. ಚಿತ್ರದ ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ ಬರುತ್ತಲ್ಲ, ಅದರಲ್ಲಿ ಚಿತ್ರದ ಉದ್ದ ಇರುತ್ತೆ. ಡಿಸ್ಕಿನಲ್ಲಿ ಅದನ್ನ ಉಳಿಸಿದ್ದರೆ ನಿಲ್ಲಿಸಿ ಓದಿ. 35 ಎಂಎಂ ಫಿಲಂ ನಿಮಿಷಕ್ಕೆ 27.36 ಮೀಟರ್ ಓಡುತ್ತೆ, ಅಡಿ ಲೆಕ್ಕ ಇದ್ದರೆ 90. ಈ ಚಿತ್ರದ್ದು 4,104 ಮೀಟರ್, ಅಂದ್ರೆ 150 ನಿಮಿಷ. ಆದರೆ ಪಾಲ್ ಡಿಸ್ಕಿನಲ್ಲಿ 150 ಇರಲ್ಲ. ಫಿಲಂ ಸೆಕೆಂಡಿಗೆ 24 ಫ್ರೇಮು, ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಮಾಡಿದ ಡಿವಿಡಿ 25. ಅದಕ್ಕೆ ಇಡೀ ಚಿತ್ರ ಶೇಕಡಾ 4ರಷ್ಟು ಬೇಗ ಓಡಿ 144 ನಿಮಿಷಕ್ಕೆ ಮುಗಿಯುತ್ತೆ, ದನಿಯೂ ಚೂರು ಮೇಲಕ್ಕೇರುತ್ತೆ. ಇದು ಗೊತ್ತಿಲ್ಲದೆ ಆರು ನಿಮಿಷ ಕಳುವಾಗಿದೆ ಅಂತ ಬರೆಯೋದು ತಪ್ಪು. 144ಕ್ಕಿಂತ ಕಮ್ಮಿ ಇದ್ದರೆ ಮಾತ್ರ ಕತ್ತರಿ. ಈ ಡಿಸ್ಕಿನಲ್ಲಿ 131 ಇತ್ತು. ಹದಿಮೂರು ನಿಮಿಷ ಎಲ್ಲಿ? ಎರಡು ಹಾಡು, ಒಂದು ದೃಶ್ಯ. ಯಾವ ಹಾಡು, ಯಾವ ದೃಶ್ಯ ಅಂತ ಹೆಸರು ಸಮೇತ ಬರೆದಿದ್ದೆ.

ಯಾಕೆ ಕತ್ತರಿಸಿದ್ರು ಅಂತಲೂ ಬರೆದಿದ್ದೆ. ತ್ರೀ ಇನ್ ಒನ್, ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ. ಒಂದು ಪದರದ ಡಿವಿಡಿ 4.7 ಜಿಬಿ. ಎರಡೂವರೆ ಗಂಟೆಯ ಮೂರು ಸಿನಿಮಾ ಅದರಲ್ಲಿ ತುರುಕಿದ್ರೆ ಸೆಕೆಂಡಿಗೆ ಸಿಗೋದು ಸುಮಾರು 1.4 ಮೆಗಾಬಿಟ್ ಮಾಹಿತಿ, ಶಬ್ದವೂ ಸೇರಿ. ವಿಸಿಡಿಯಲ್ಲಿ ಚಿತ್ರಕ್ಕೇ 1.15 ಇರುತ್ತೆ, ಅದೂ ನಾಲ್ಕನೇ ಒಂದರಷ್ಟು ಸಣ್ಣ ಚಿತ್ರಕ್ಕೆ. ಅದೇ ಒಂದೇ ಸಿನಿಮಾನ ಎರಡು ಪದರದ 8.5 ಜಿಬಿ ಡಿಸ್ಕಿಗೆ ಹಾಕಿದ್ರೆ 7.5 ಮೆಗಾಬಿಟ್ ಸಿಗುತ್ತೆ. ಜಾಗ ಸಾಲದೆ ಹಾಡು ಹಾರಿಸ್ತಾರೆ, ಉಳಿದದ್ದನ್ನ ಹಿಂಡ್ತಾರೆ. ಮಳೆ ದೃಶ್ಯ ಬಂದರೆ, ಜನಜಂಗುಳಿ ಬಂದರೆ ತೆರೆಯೆಲ್ಲಾ ಚೌಕ ಚೌಕ ಆಗೋದು ಇದಕ್ಕೇ. ಎಷ್ಟೋ ಮನೆಯಲ್ಲಿ ಪ್ಲೇಯರ್ ಕೆಟ್ಟಿದೆ ಅಂತ ರಿಪೇರಿಗೆ ಕೊಡ್ತಾರೆ ಪಾಪ.

ಮಾತು ತಿಳಿಯದಿದ್ದಕ್ಕೂ ಕಾರಣ ಇದೆ. ಮೂಲ ಶಬ್ದ ಮೋನೋ, ಅಂದ್ರೆ ಒಂದೇ ಚಾನೆಲ್ಲು. ಅದಕ್ಕೆ ಗುಂಯ್‌ಗುಡುವ ಪ್ರತಿಧ್ವನಿ ಬೆರೆಸಿ ಆರು ಚಾನೆಲ್ಲಿಗೆ ಹಂಚಿ ಡಬ್ಬಿ ಮೇಲೆ 5.1 ಅಂತ ಅಚ್ಚು ಹಾಕಿದ್ದಾರೆ. ಎರಡೇ ಸ್ಪೀಕರಿನ ಟಿವಿಯಲ್ಲಿ ಅದು ಮತ್ತೆ ಕಲಸಿಹೋಗಿ ಮಾತು ಮುಳುಗುತ್ತೆ. ಪ್ಲೇಯರ್ ರಿಮೋಟಿನ ಆಡಿಯೋ ಬಟನ್ ಒಮ್ಮೆ ಒತ್ತಿದ್ರೆ ಎರಡು ಚಾನೆಲ್ಲಿನ ಟ್ರ್ಯಾಕ್ ಬರುತ್ತೆ, ಮಾತು ಸ್ಪಷ್ಟ. ಮುಗೀತು. ಒಂದು ಬಟನ್!

ಪತ್ರಿಕೆಗೆ ಫೋನ್ ಮಾಡಿ ಕೇಳಿದ್ರೆ ಅಲ್ಲಿಂದ ಬಂದ ಉತ್ತರ: "ಸಾರ್, ಅದೆಲ್ಲಾ ಟೆಕ್ನಿಕಲ್ಲು, ನಮ್ಮ ಓದುಗರಿಗೆ ಬೇಡ." ಯಾವ ಓದುಗರಿಗೆ? ಎಂಬತ್ತು ದಾಟಿದ ಆ ತಾಯಿ ಒಂದೇ ನೋಟಕ್ಕೆ ಮುಖ ದಪ್ಪ ಅಂದರು, ಹಾಡಿಲ್ಲ ಅಂದರು, ಮಾತು ಕೇಳಿಸ್ತಿಲ್ಲ ಅಂದರು. ಡಿಸ್ಕ್ ವಿಮರ್ಶೆಯಲ್ಲಿ ನೋಡಬೇಕಾದ್ದೆಲ್ಲಾ ಅವರು ನೋಡಿಬಿಟ್ಟರು. ಬೇಡ ಅಂತ ತೀರ್ಮಾನ ಮಾಡಿದ್ದು ಯಾರು? ಡಿಸ್ಕನ್ನ ಒಂದ್ಸಲನಾದ್ರೂ ಹಾಕಿ ನೋಡಿದ್ರಾ? ನೋಡದೆ ನಕ್ಷತ್ರ ಎಲ್ಲಿಂದ ಬಂತು? ನಾಲ್ಕೇ ಯಾಕೆ, ಮೂರು ಯಾಕಲ್ಲ? ಯಾರಾದ್ರೂ ಉತ್ತರ ಕೊಡಿ.

ಬಿಡಿ, ಯಾರೂ ಕೊಡಲ್ಲ. ಡಿಸ್ಕ್ ಕಾಲ ಮುಗೀತು, ಅಂಗಡಿಯವರೂ ಉಳಿದ ಸ್ಟಾಕ್ ಮಾರ್ತಿದ್ದಾರೆ ಅಷ್ಟೇ, ಇದಕ್ಕೆಲ್ಲಾ ಯಾಕೆ ಒದ್ದಾಡಬೇಕು. ಇನ್ನು ಬರೆಯೋದೂ ಇಲ್ಲ ಅಂದ್ಕೊಂಡೇ ಮನೆಗೆ ಬಂದೆ. ಆದ್ರೆ ಕಾಲ ಮುಗೀತು ಅಂತ ಬಿಟ್ಟರೆ ಇರೋ ಡಿಸ್ಕನ್ನ ನಂಬಿ ಕೂತವರ ಗತಿ ಏನು? ಇಂಟರ್ನೆಟ್ಟಿನಲ್ಲಿ ಸಿಗದ ಕನ್ನಡ ಚಿತ್ರ ಎಷ್ಟಿಲ್ಲ! ಸಿಕ್ಕಿದ್ದೂ ಯಾವ ಪ್ರತಿ ಅಂತ ನೋಡಬೇಕು. ಕಸ್ತೂರಿ ನಿವಾಸ 1971ರಲ್ಲಿ ಬಂದಿದ್ದು ಕಪ್ಪು-ಬಿಳುಪಿನಲ್ಲಿ, 2014ರಲ್ಲಿ ಬಣ್ಣ ಹಚ್ಚಿದ್ದು ಬಂತು. ಕೈಯಲ್ಲಿರೋದು ಯಾವುದು ಅಂತಲೂ ಹೇಳದ ವಿಮರ್ಶೆಯಿಂದ ಕೊಳ್ಳುವವನಿಗೆ ಏನು ಪ್ರಯೋಜನ?

ನಿಲ್ಲಿಸಲ್ಲ. ಮುಂದಿನ ಡಿಸ್ಕನ್ನ ಕಂಪ್ಯೂಟರಿಗೆ ಹಾಕಿ ಗಾತ್ರ, ಅವಧಿ ಬರೆದಿಟ್ಟಾಯ್ತು. ಅದನ್ನ ಇನ್ನೆಲ್ಲಿಗಾದ್ರೂ ಕಳಿಸ್ತೀನಿ, ಒಂದು ಅಕ್ಷರ ಮುಟ್ಟಬಾರದು ಅಂತ ಮೊದಲೇ ಬರೆಸಿಕೊಂಡು. ಅದಕ್ಕೂ ಮುಂಚೆ ಈ ಪತ್ರಿಕೆಯವರು ಈ ವಾರ ತಿದ್ದುಪಡಿ ಹಾಕಬೇಕು. ಜಾಗ ಇಲ್ಲ ಅನ್ನೋದು ಬೇಡ, ಇಷ್ಟೇ ಸಾಕು: "ಕಳೆದ ವಾರದ ನಕ್ಷತ್ರಗಳು ವಿಮರ್ಶಕರು ಕೊಟ್ಟವಲ್ಲ. ಡಿಸ್ಕಿನಲ್ಲಿ ಹದಿಮೂರು ನಿಮಿಷ ಇಲ್ಲ. ಈಗಾಗಲೇ ಕೊಂಡವರು ಟಿವಿಯನ್ನು 4:3ಕ್ಕೆ ಇಟ್ಟು, ಆಡಿಯೋ ಬಟನ್ ಒತ್ತಿ ಎರಡು ಚಾನೆಲ್ಲಿನ ಟ್ರ್ಯಾಕಿನಲ್ಲಿ ನೋಡಿ. ಇನ್ನೂ ಕೊಳ್ಳದವರು ಕೊಳ್ಳಬೇಡಿ."