ಅರ್ಥಿಂಗ್‌ನಾಗ ರೋಸ್ ಗೋಲ್ಡ್ ಸಿಗತೈತೇನ್ರಿ?

ಹೊಸ ಮನಿ ಕಟ್ಟೋರಿಗೆ ಈಗ ಉಸುಕಿನ ರೇಟು, ಸಿಮೆಂಟಿನ ರೇಟು ಒಂದು ಚಿಂತಿನ ಅಲ್ಲ ಬಿಡ್ರಿ. ಎಸಿ ಬಿಳಿದು ಹಾಕಸೋದೋ ಕರಿದು ಹಾಕಸೋದೋ, ಬಟನ್ ಪ್ಲೇಟ್ ಗ್ರೇ ಇರಬೇಕೋ ಶಾಂಪೇನ್ ಗೋಲ್ಡ್ ಇರಬೇಕೋ, ಫ್ಯಾನಿನ ರೆಕ್ಕಿ ಸೋಫಾಕ್ಕ ಮ್ಯಾಚ್ ಆಗಬೇಕೋ ಪಡದಾಕ್ಕೋ, ಇದರ ಮ್ಯಾಲ ಬೀಗರು ಬಿಜ್ಜರು ಎಲ್ಲಾರೂ ಇರೋ ವಾಟ್ಸಾಪ್ ಗ್ರೂಪಿನಾಗ ಮತದಾನ ನಡದೈತಿ. ಬಾಗಲಕೋಟಿ ನವನಗರದಾಗ ಯಾರದಾರ ಗೃಹಪ್ರವೇಶಕ್ಕ ಹೋದ್ರ ಹೋಳಿಗಿ ಆಮ್ಯಾಲೆ, ಮೊದಲ ಗ್ವಾಡಿ ದರ್ಶನ. "ನೋಡ್ರಿ ಕಾಕಾ, ಟಿವಿ ಎಲ್ಲೈತಿ ಅಂತನ ಗೊತ್ತಾಗಂಗಿಲ್ಲ" ಅಂತ ಯಜಮಾನ ಎದಿ ಉಬ್ಬಿಸಿ ಹೇಳತಾನ. ಕೈತುಂಬ ರೊಕ್ಕ ಕೊಟ್ಟು ತಂದ ಟಿವಿ ಕಾಣಬಾರದು ಅಂತ ಅದರ ಹಿಂದ ಮತ್ತ ಅಷ್ಟ ರೊಕ್ಕದ ಕರಿ ಪ್ಯಾನಲ್. ಹಂಗಾರ ತಂದದ್ದ್ಯಾಕ?

ನಮ್ಮ ಮಂದಿಗೆ ಬಣ್ಣ ತಿಳಿಯಂಗಿಲ್ಲ ಅಂತ ಯಾರಾರ ಅಂದ್ರ ಮಾತ್ರ ನಾ ಜಗಳಕ್ಕ ಬರಾಂವ. ಇಳಕಲ್ ಸೀರಿ ಅಂಗಡ್ಯಾಗ ನಮ್ಮ ಅವ್ವಗಳು ಗಿರಿ ಕುಂಕುಮ ಯಾವುದು, ಬರೇ ಕೆಂಪು ಯಾವುದು ಅಂತ ಬಾಗಲದಾಗ ನಿಂತ ಹೇಳತಾರ, ಟೋಪ ತೆನಿ ಸೆರಗಿನ ಕೆಂಪು ಒಂಚೂರು ಮಸಕ ಕಂಡ್ರ ಗಂಟು ವಾಪಸ್. ಅಂಥಾ ಕಣ್ಣಿನವರನ್ನ ಎಲೆಕ್ಟ್ರಿಕ್ ಅಂಗಡಿಗೆ ಕರಕೊಂಡು ಹೋಗಿ ವೈಟ್, ಆಫ್ ವೈಟ್, ಐವರಿ, ಪರ್ಲ್ ಅಂತ ಮುಂದಿಟ್ರ ಏನಂತಾರ? "ಇವೆಲ್ಲಾ ಬಿಳಿವ ಅದಾವಲ್ಲೋ ತಮ್ಮಾ."

ಇನ್ನ ಬಾತ್‌ರೂಮಿನಾಗ ಮ್ಯಾಟ್ ಬ್ಲ್ಯಾಕ್ ನಳ. ಆಹಾ, ಫೋಟೋದಾಗ ಏನ್ ಠೀವಿ! ಆದ್ರ ಫೋಟೋದಾಗ ನೀರು ಬರಂಗಿಲ್ಲ. ನಮ್ಮ ಕಡೆ ಬೋರಿನ ಗಡಸು ನೀರು, ಹನಿ ಬಿದ್ದಲ್ಲೆ ಆರಿ ಸುಣ್ಣ ಕೂತಗೊಂತೈತಿ, ಹದಿನೈದು ದಿನ ಆಗೂದ್ರಾಗ ಕರಿ ನಳ ಮೈತುಂಬ ವಿಭೂತಿ ಹಚ್ಚಿಕೊಂಡ ಸ್ವಾಮಿಗೋಳಂಗ ಕಾಣತೈತಿ. ಲಿಂಬಿಹಣ್ಣು ಹಚ್ಚಿ ತಿಕ್ಕಿದ್ರ ಕಲಿ ಹೋಗತೈತಿ, ಇನ್ನೊಂಚೂರು ತಿಕ್ಕಿದ್ರ ಬಣ್ಣಾನೂ ಹೋಗಿ ಒಳಗಿನ ಹಿತ್ತಾಳಿ ಹೊರಗ ಬರತೈತಿ. ಹಿತ್ತಾಳಿ ನಳಾನ ಬೇಕಾಗಿದ್ರ ಮೊದಲ ಹೇಳಬೇಕಿತ್ತು, ಸಸ್ತಾ ಆಗತಿತ್ತು.

ಮಾಳಿಗಿ ಮ್ಯಾಲಿನ ಟಾಕಿ ನೋಡ್ರಿ, ಪಾಪ, ಅದೂ ಕರಿದ. ಬೆಳಕು ಒಳಗ ಹೋಗಿ ಪಾಚಿ ಹಿಡೀಬಾರದು ಅಂತ ಕರಿ ಮಾಡ್ಯಾರ. ಮೇ ತಿಂಗಳದಾಗ ನಳ ತಿರವಿದ್ರ ಚಹಾಕ್ಕ ಆಗೋವಷ್ಟು ಕಾದ ನೀರು ಬರತೈತಿ, ಆ ಮಾತು ಬ್ಯಾರೆ, ಆದ್ರ ಅಲ್ಲಿ ಬಣ್ಣಕ್ಕ ಒಂದು ಕೆಲಸಾರ ಐತಿ.

ಬಣ್ಣಕ್ಕ ಖರೇ ಕೆಲಸ ಇರೋ ಇನ್ನೊಂದು ಜಾಗ ಐತಿ. ಗ್ವಾಡಿ ಒಳಗಿನ ಕರೆಂಟ್ ವೈರಿನಾಗ. ಕೆಂಪು ಫೇಸ್, ಕರಿ ನ್ಯೂಟ್ರಲ್, ಹಸಿರು ಅರ್ಥ್. ಕ್ಯಾಟಲಾಗ್ ಇಲ್ಲ, ಮತದಾನ ಇಲ್ಲ, ಅದಕ್ಕ ಅದನ್ನ ಕೇಳೋರೂ ಇಲ್ಲ. ಕರಿ ಬಂಡಲ್ ಮುಗೀತಂದ್ರ ಉಳದ ಕೆಂಪು ಎಳದ ಬಿಡೋದು, ಹಸಿರು ತರಸೂದ ಇಲ್ಲ. ಶಾಂಪೇನ್ ಗೋಲ್ಡ್ ಪ್ಲೇಟಿನಾಗ ತೂತು ಮೂರು ಇರತಾವ, ಮ್ಯಾಲಿನ ದಪ್ಪ ತೂತಿನ ಹಿಂದ ಏನಂದ್ರ ಏನೂ ಇರಂಗಿಲ್ಲ. ಗೀಜರಿನ ಕಾಯಿಲ್ ಕೆಟ್ಟು ಅದರ ಮೈಗೆ ಕರೆಂಟ್ ಇಳದಾಗ ಅದಕ್ಕ ನೆಲಕ್ಕ ಹೋಗಾಕ ಇದ್ದ ದಾರಿ ಆ ಹಸಿರು ವೈರ್ ಒಂದ. ಅದು ಇಲ್ಲಂದ್ರ ಒದ್ದಿ ಕೈಲೆ ನಳ ಮುಟ್ಟಿದ ಹುಡುಗನ ಮೈಯಾಗಿಂದ ಹೋಗತೈತಿ. ಮರುದಿನ ಪೇಪರಿನಾಗ ಮೂಲ್ಯಾಗ ನಾಕು ಸಾಲು, ನಾವು ಓದತೀವಿ, ಪುಟ ತಿರವತೀವಿ. 30 ಮಿಲಿ ಆಂಪ್ ಕರೆಂಟ್ ಸೋರಿದ್ರ ಪಟ್ ಅಂತ ಬಂದ್ ಆಗೋ ಆರ್‌ಸಿಸಿಬಿ ಅಂತ ಒಂದು ಡಬ್ಬಿ ಸಿಗತೈತಿ, ಹಾಕಸ್ರಿ ಅಂದ್ರ "ತುಟ್ಟಿ ಆತಲ್ಲರಿ" ಅಂತಾರ. ಬಟನ್ ಸುತ್ತ ಗೋಲ್ಡ್ ರಿಂಗ್ ಹಾಕಸೋ ಮುಂದ ತುಟ್ಟಿ ಆಗಿರಲಿಲ್ಲೇನು? ಖರೇ ಹೇಳತೀನಿ, ಬ್ಯಾಸರ ಬಂದೈತಿ ಇವರಿಗೆ ಹೇಳಿ ಹೇಳಿ. ಮನ್ಯಾಗ ಸಣ್ಣ ಹುಡುಗ್ರು ಅದಾರ, ಮಾರಾಯಾ.

ಇರಲಿ, ಅವರ ಹಾದಿಲೆ ಹೋಗಿ ನೋಡಿದೆ. ರೋಸ್ ಗೋಲ್ಡ್‌ಗೆ ಆ ಬಣ್ಣ ಬರೋದ ತಾಮ್ರದಿಂದ, ಹಂಗಾರ ಆ ಹಸಿರು ವೈರಿಗೆ ಕಟ್ಟೋ ದಪ್ಪನ ತಾಮ್ರದ ಅರ್ಥಿಂಗ್ ಪ್ಲೇಟ್ ತೊಗೋರಿ, ಅಪ್ಪಟ ರೋಸ್ ಗೋಲ್ಡ್ ಶೇಡ್ ಐತಿ ಅಂದೆ. ಯಜಮಾನಗ ಹುರುಪು ಬಂತು. ಎಲ್ಲಿ ಹಾಕಸೋದು ಅಂತ ಕೇಳಿದ. ಹಿತ್ತಲದಾಗ ತಗ್ಗು ತೋಡಿ, ಉಪ್ಪು ಇದ್ದಲಿ ಹಾಕಿ ಹುಗೀಬೇಕು ಅಂದೆ.

"ಹುಗದ್ರ ಬಂದವರಿಗೆ ಹೆಂಗ ತೋರಸೂದ್ರಿ?"