ಬಲಗಡೆ ಪ್ರೋಗ್ರಾಂ, ಎಡಗಡೆ ಪೆನ್ಸಿಲ್‌ನಲ್ಲಿ ಔಟ್‌ಪುಟ್

ಭಾನುವಾರ ಕೊಡಗಿನ ಸುಂಟಿಕೊಪ್ಪದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಕಣದ ತುಂಬ ರೋಬಸ್ಟಾ ಕಾಫಿ ಒಣಗುತ್ತಿತ್ತು. ಜಗಲಿಯಲ್ಲಿ ಅಣ್ಣನ ಮಗಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ಬಿಸಿಎ ಮೊದಲ ವರ್ಷ. ಸೋಮವಾರ ಲ್ಯಾಬ್ ರೆಕಾರ್ಡ್ ಒಪ್ಪಿಸಬೇಕಂತೆ. ಬೆಳಿಗ್ಗೆ ಏಳಕ್ಕೆ ಕೂತವಳು, ನಾನು ಹೋದಾಗ ಹನ್ನೊಂದು ಗಂಟೆ, ಇನ್ನೂ ಆರನೇ ಪ್ರೋಗ್ರಾಂನಲ್ಲಿದ್ದಳು.

ಇದೇ ರೆಕಾರ್ಡ್ ಒಂದು ಸಲ ವಾಪಸ್ ಬಂದಿದೆ. ಪ್ರೋಗ್ರಾಂ ತಪ್ಪಿತ್ತು ಅಂತಲ್ಲ. ಹೆಡಿಂಗ್ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿಲ್ಲ ಅಂತ. ಪಾಪದ ಹುಡುಗಿ ಹೊಸ ಪುಸ್ತಕ ತಂದು ಮೊದಲಿಂದ ಬರೆಯುತ್ತಿದ್ದಾಳೆ. ಬಲಗಡೆ ಗೆರೆ ಇರುವ ಹಾಳೆಯಲ್ಲಿ ನೀಲಿ ಪೆನ್ನಿನಲ್ಲಿ ಪ್ರೋಗ್ರಾಂ. ಎಡಗಡೆ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಔಟ್‌ಪುಟ್.

"ಇದನ್ನ ಓಡಿಸಿ ನೋಡಿದ್ಯಾ?" ಅಂತ ಕೇಳಿದೆ.

"ಇಲ್ಲ, ಸೀನಿಯರ್ ಅಕ್ಕನ ರೆಕಾರ್ಡ್ ನೋಡಿ ಬರೀತಿದ್ದೀನಿ" ಅಂದಳು.

ಓಡಿಸದ ಪ್ರೋಗ್ರಾಂಗೆ ಔಟ್‌ಪುಟ್ ಎಲ್ಲಿಂದ ಬಂತು? ಆ ಪುಟ ಸರಿಯಾಗಿ ನೋಡಿದೆ. ಸಿ ಭಾಷೆಯಲ್ಲಿ ಎರಡು ಸಂಖ್ಯೆ ಕೂಡುವ ಪ್ರೋಗ್ರಾಂ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಎರಡನೇ ಸ್ಕ್ಯಾನ್‌ಎಫ್ ಸಾಲಿನಲ್ಲಿ, ಸಂಖ್ಯೆಗೆ ಕೊಟ್ಟ ಹೆಸರಿಗಿಂತ ಮೊದಲು ಇರಬೇಕಾದ ಆಂಪರ್‌ಸ್ಯಾಂಡ್ (&) ಚಿಹ್ನೆಯೇ ಇಲ್ಲ. ಅದಿಲ್ಲದಿದ್ದರೆ ಟೈಪ್ ಮಾಡಿದ ಸಂಖ್ಯೆಯನ್ನು ಮೆಮೊರಿಯಲ್ಲಿ ಎಲ್ಲಿಡಬೇಕು ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಸೀನಿಯರ್ ಪುಸ್ತಕ ತೆಗೆದು ನೋಡಿದರೆ ಅಲ್ಲೂ ಇಲ್ಲ. ಕೆಳಗೆ ಕೆಂಪು ಪೆನ್ನಿನಲ್ಲಿ ರೈಟ್ ಮಾರ್ಕು, ಸಹಿ. ಆ ಹುಡುಗಿ ಯಾರದ್ದು ನೋಡಿ ಬರೆದಿದ್ದಳೋ. ಒಂದು ತಪ್ಪು ವರ್ಷದಿಂದ ವರ್ಷಕ್ಕೆ ಸಹಿ ಹಾಕಿಸಿಕೊಂಡು ಪಾಸಾಗುತ್ತಾ ಬಂದಿದೆ. ನನಗೆ ಸಿಟ್ಟು ಬಂತು. ಹುಡುಗಿ ಮೇಲಲ್ಲ.

ಸಿ ಭಾಷೆ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಮಾಡಿದ್ದು. ಹಳೆಯದು ಅಂತ ನನ್ನ ತಕರಾರಿಲ್ಲ. ಕಲಿಯಲೇಬೇಕಾದ ಭಾಷೆ ಅದು. ಆದರೆ ಕಲಿಸುವುದು ಯಾವುದರಲ್ಲಿ? 1990ರಲ್ಲಿ, ಹಳೇ ಡಾಸ್ ಕಾಲಕ್ಕೆ ಬಂದ ಟರ್ಬೊ ಸಿ ಪ್ಲಸ್ ಪ್ಲಸ್ ಅನ್ನುವ ಸಾಫ್ಟ್‌ವೇರ್‌ನ ಆ ನೀಲಿ ಪರದೆಯಲ್ಲಿ. ಪ್ರೋಗ್ರಾಂ ತುಂಬ ಆ ಕಾಲದ ಸಾಲುಗಳೇ: ವಾಯ್ಡ್ ಮೇನ್, ಕೊನಿಯೊ, ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್. ಈ ಕೊನಿಯೊ ಅನ್ನುವುದು ಪರದೆ, ಕೀಬೋರ್ಡ್ ಕೆಲಸಕ್ಕೆ ಸೇರಿಸಿಕೊಳ್ಳುವ ಒಂದು ಫೈಲ್, ಸಿ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲವೇ ಇಲ್ಲ. ಇವಳ ಎರಡು ಸಂಖ್ಯೆ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪ್‌ನ ಜಿಸಿಸಿಯಲ್ಲಿ (ಬರೆದ ಪ್ರೋಗ್ರಾಂ ಅನ್ನು ಓಡುವಂತೆ ಮಾಡುವ ಕಂಪೈಲರ್) ಹಾಕಿದರೆ ಮೊದಲ ಪೆಟ್ಟಿಗೆ ಕೊನಿಯೊ ಸಿಗಲಿಲ್ಲ ಅಂತು. ಅದನ್ನೂ, ಅದನ್ನು ನಂಬಿದ್ದ ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ಸಾಲುಗಳನ್ನೂ ತೆಗೆದು ಓಡಿಸಿದೆವು. ಎರಡನೇ ಸಂಖ್ಯೆ ಕೊಟ್ಟ ತಕ್ಷಣ ಬಿದ್ದುಹೋಯಿತು. ಪಕ್ಕದ ಪುಟದಲ್ಲಿ ಮಾತ್ರ ಅದರ ಔಟ್‌ಪುಟ್ ಮುದ್ದಾದ ಅಕ್ಷರದಲ್ಲಿ ಕೂತಿತ್ತು.

ಕೈಯಲ್ಲಿ ಬರೆದರೆ ಮನಸ್ಸಲ್ಲಿ ಉಳಿಯುತ್ತದೆ ಅನ್ನುತ್ತಾರೆ. ಸ್ವಂತ ಯೋಚಿಸಿ ಬರೆದರೆ ಉಳಿಯುತ್ತದೆ, ಒಪ್ಪುತ್ತೇನೆ. ನೋಡಿ ಬರೆದದ್ದು ಉಳಿಯುವುದಿಲ್ಲ. ನಮ್ಮ ಊರಲ್ಲಿ ಮಳೆಗಾಲ ಬಂದರೆ ಕರೆಂಟ್ ಇರುವುದಿಲ್ಲ, ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇಲ್ಲ ಅಂತಲೂ ಹೇಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ಕರೆಂಟ್ ಕಥೆ ನನಗೆ ಹೊಸದಲ್ಲ. ಆದರೆ ಈಗ ಫೆಬ್ರವರಿ. ಕಾಲೇಜಿನ ಲ್ಯಾಬ್‌ನಲ್ಲಿ ಕಂಪ್ಯೂಟರ್ ಇದೆ. ಜಿಸಿಸಿ 1987ರಿಂದ ಬಿಟ್ಟಿ ಸಿಗುತ್ತಿದೆ. ಹುಡುಗರ ಕೈಯಲ್ಲಿರುವ ಮೊಬೈಲ್‌ನಲ್ಲೇ ಪೈಥಾನ್ ಭಾಷೆಯ ಪ್ರೋಗ್ರಾಂ ಓಡುತ್ತದೆ. ಅತಿಥಿ ಉಪನ್ಯಾಸಕರಿಗೆ ಸಿಗುವ ಸಂಬಳ ನೋಡಿದರೆ ನನಗೂ ಸಂಕಟ ಆಗುತ್ತದೆ, ಅವರನ್ನು ನಾನು ಬೈಯುತ್ತಿಲ್ಲ. ಆದರೆ ಗೆರೆ ಎಳೆದಿಲ್ಲ ಅಂತ ಪುಸ್ತಕ ವಾಪಸ್ ಕೊಡಲು ಟೈಮ್ ಇದೆ ಅಂದಮೇಲೆ, ಒಂದು ಸಲ ಓಡಿಸಿ ತೋರಿಸು ಅನ್ನಲು ಟೈಮ್ ಯಾಕಿಲ್ಲ?

ನನಗೆ ಇಷ್ಟು ಉರಿಯುವುದಕ್ಕೆ ಕಾರಣ ಇದೆ. ಹಳೇ ಸ್ನೇಹಿತರಿಗೂ ಇದನ್ನು ಹೇಳಿರಲಿಲ್ಲ. ನಾನೂ ಹೀಗೇ ನೋಡಿ ಬರೆದವನು. ಸಿ ಪೇಪರ್‌ನಲ್ಲಿ ಡಿಸ್ಟಿಂಕ್ಷನ್. 2006ರಲ್ಲಿ ಬೆಂಗಳೂರಲ್ಲಿ ಮೊದಲ ಇಂಟರ್‌ವ್ಯೂ. ಒಂದು ಚಿಕ್ಕ ಪ್ರೋಗ್ರಾಂ ಬರೆದು ಓಡಿಸಿ ತೋರಿಸಿ ಅಂದರು. ಬರೆದೆ, ಓಡಲಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ ಅಂತ ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಗಂಟೆ ಪರದೆ ನೋಡುತ್ತಾ ಕೂತಿದ್ದೆ. ಆ ರಾತ್ರಿ ಬಸ್ಸಲ್ಲಿ ಮಡಿಕೇರಿಗೆ ವಾಪಸ್ ಬಂದೆ. ಅಮ್ಮನಿಗೆ ಕರೀತಾರಂತೆ ಅಂತ ಸುಳ್ಳು ಹೇಳಿದೆ. ಆಮೇಲೆ ಕಲಿತೆ, ಕೆಲಸವೂ ಸಿಕ್ಕಿತು. ಆದರೆ ಆ ಅರ್ಧ ಗಂಟೆ ನನ್ನ ಅಣ್ಣನ ಮಗಳಿಗೆ ಬರಬಾರದು.

ಇವಳಿಗೆ ಇನ್ನೊಂದು ಪೇಪರ್ ಇದೆ, ವ್ಯವಹಾರ ಮಾಹಿತಿ ವ್ಯವಸ್ಥೆ ಅಂತ, ಅದರ ಗತಿಯೂ ಇದೇ. ಸೀನಿಯರ್ ನೋಟ್ಸ್ ತೆಗೆದು ನೋಡಿದೆ. ಡೇಟಾಗೂ ಮಾಹಿತಿಗೂ ಇರುವ ವ್ಯತ್ಯಾಸ, ಐದು ಅಂಕ. ಪ್ರೈಮರಿ ಕೀ ಎಂದರೇನು, ಎರಡು ಅಂಕ. ನಾನು ಈಗ ಕಾಫಿ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವನು. ಒಬ್ಬರ ಅಂಗಡಿಯಲ್ಲಿ ಮೂರು ಪುಸ್ತಕ. ಒಂದರಲ್ಲಿ ಬೆಳೆಗಾರರ ಹೆಸರು ಮನೆ ಹೆಸರಿನ ಜೊತೆ ಇದೆ, ಇನ್ನೊಂದರಲ್ಲಿ ಬರೀ ಪೊನ್ನಪ್ಪ, ಮೂರನೆಯದರಲ್ಲಿ ಊರಿನ ಹೆಸರು ಸೇರಿಸಿ ಪೊನ್ನಪ್ಪ. ಆ ಅಂಗಡಿಗೆ ಬರುವ ಪೊನ್ನಪ್ಪ ಐದು ಜನ. ಮನೆ ಹೆಸರಿಲ್ಲದೆ ಯಾವ ಪೊನ್ನಪ್ಪನಿಗೆ ದುಡ್ಡು ಕೊಡುತ್ತೀರಿ? ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರನ್ನೂ ಬೇರೆಯಾಗಿ ಗುರುತಿಸುವ ಗುರುತು, ಯಾಕೆ ಬೇಕು ಅಂತ ಕೊಡಗಿನ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಅರ್ಥ ಮಾಡಿಸಲು ಆಗುತ್ತಾ? ಕಾಲೇಜು ಗೇಟಿನಿಂದ ಹತ್ತು ನಿಮಿಷ ನಡೆದರೆ ಅಂಥ ಅಂಗಡಿ ನಾಲ್ಕು ಸಿಗುತ್ತವೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಇದೆ, ಹೋಂಸ್ಟೇಗಳಿವೆ. ಒಂದು ದಿನ ಕರೆದುಕೊಂಡು ಹೋಗಿ ಕೂರಿಸಿದವರಿಲ್ಲ.

ಊಟ ಆದಮೇಲೆ ರೆಕಾರ್ಡ್ ಮುಚ್ಚಿಸಿದೆ. ಅಪ್ಪನ ಕಾಫಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರಿ, ಯಾರದ್ದೂ ನೋಡಬೇಡ ಅಂದೆ. ಲೆಕ್ಕ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಐವತ್ತು ಕೆಜಿ ಚೀಲದ ಒಣ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಲ್ಲಿ, ಎಷ್ಟು ಕೆಜಿ ಬೇಳೆ ಬರುತ್ತದೋ ಅದು ಓಟಿ (ಔಟ್‌ಟರ್ನ್). ಓಟಿಗೆ ಪಾಯಿಂಟ್ ದರ, ಅಂದರೆ ಒಂದೊಂದು ಓಟಿಗೆ ಸಿಗುವ ರೂಪಾಯಿ, ಗುಣಿಸಿದರೆ ಚೀಲದ ಬೆಲೆ. ಸುಮ್ನೆ ಒಂದು ಲೆಕ್ಕಕ್ಕೆ 40 ಚೀಲ, ದರ 350, ಓಟಿ 26.5 ಅಂತ ಕೊಟ್ಟೆವು. ಅರ್ಧ ಗಂಟೆಯಲ್ಲಿ ಬರೆದಳು. ಉತ್ತರ 3,64,000 ಬಂತು.

ಅಣ್ಣ ಅಲ್ಲೇ ಎಲೆಅಡಿಕೆ ಹಾಕುತ್ತಾ ಕೂತಿದ್ದವನು ಬಾಯಿಲೆಕ್ಕ ಹಾಕಿ, "3,71,000 ಆಗ್ಬೇಕಲ್ಲ, ಏಳು ಸಾವಿರ ಎಲ್ಲಿ ಹೋಯ್ತು?" ಅಂದ.

ಅವಳು ಪರದೆ ನೋಡಿದಳು, ಅಪ್ಪನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ. ಒಂದೊಂದೇ ಸಂಖ್ಯೆ ಪ್ರಿಂಟ್ ಮಾಡಿ ನೋಡು ಅಂತಷ್ಟೇ ಹೇಳಿದೆ. ಹತ್ತು ನಿಮಿಷ ಬೇಕಾಯಿತು. ಆಮೇಲೆ ಒಮ್ಮೆಲೇ, "ಚಿಕ್ಕಪ್ಪಾ, ಇಂಟ್ ಅಂತ ಹಾಕಿದ್ದೀನಿ, ಪಾಯಿಂಟ್ ಐದನ್ನ ಅದು ತಗೊಂಡೇ ಇಲ್ಲ!" ಅಂತ ಕೂಗಿದಳು. ಇಂಟ್ ಅಂದರೆ ಬರೀ ಪೂರ್ಣ ಸಂಖ್ಯೆ, ಫ್ಲೋಟ್ ಅಂದರೆ ದಶಮಾಂಶವೂ ಹಿಡಿಸುವಂಥದ್ದು. ಫ್ಲೋಟ್ ಅಂತ ಬದಲಾಯಿಸಿದಳು. 3,71,000. ಅವಳ ಮುಖ ನೋಡಬೇಕಿತ್ತು ನೀವು. ಇಂಟ್‌ಗೂ ಫ್ಲೋಟ್‌ಗೂ ವ್ಯತ್ಯಾಸ ಬರೆಯಿರಿ ಅಂತ ಇನ್ನು ಯಾರು ಕೇಳಿದರೂ ಅವಳಿಗೆ ಆ ಏಳು ಸಾವಿರ ನೆನಪಾಗುತ್ತದೆ. ಕಾಲೇಜಿನ ನೀಲಿ ಪರದೆಯಲ್ಲಾಗಿದ್ದರೆ ಇಂಟ್‌ಗೆ 32,767ರ ಆಚೆ ಜಾಗವೇ ಇಲ್ಲ, ಅಪ್ಪನ ಕಾಫಿ ದುಡ್ಡು ಅದರಲ್ಲಿ ಹಿಡಿಸುವುದೇ ಇಲ್ಲ ಅಂತಲೂ ತೋರಿಸಿದೆ. "ಹಾಗಾದ್ರೆ ತೇವ ಜಾಸ್ತಿ ಇದ್ರೆ ಕಡಿತ ಮಾಡ್ತಾರಲ್ಲ, ಅದನ್ನ ಎಲ್ಲಿ ಸೇರಿಸೋದು?" ಅಂತ ಅವಳೇ ಕೇಳಿದಳು. ಆ ಪ್ರಶ್ನೆ ಕೇಳುವ ಮಗುವಿಗೆ ನಾವು ಸ್ಕೇಲ್ ಹಿಡಿಸಿ ಕೂರಿಸಿದ್ದೇವೆ.

ಸಂಜೆ ನಾಲ್ಕಕ್ಕೆ ಮತ್ತೆ ರೆಕಾರ್ಡ್ ತೆಗೆದಳು. ಇನ್ನೂ ಆರು ಪ್ರೋಗ್ರಾಂ ಬಾಕಿ, ಬರೆಯದಿದ್ದರೆ ಅಂಕ ಇಲ್ಲ. ಮೊದಲು ಆ ಎರಡು ಸಂಖ್ಯೆಯ ಪುಟ ತೆರೆದು, ಇಕ್ಕಟ್ಟು ಜಾಗದಲ್ಲಿ ಆಂಪರ್‌ಸ್ಯಾಂಡ್ ತುರುಕಿದಳು. ಆಮೇಲೆ ಸೀನಿಯರ್ ಪುಸ್ತಕ ತೆರೆದು ಅಲ್ಲೂ ಪೆನ್ಸಿಲ್‌ನಲ್ಲಿ ಹಾಕಿದಳು. ಮುಂದಿನ ವರ್ಷ ಅದು ಇನ್ಯಾರ ಕೈಗೋ ಹೋಗುತ್ತದಲ್ವಾ ಅಂದಳು.