ಮೆಕಾಂಗ್ ನೋಡಿ ಬಂದ ಮೇಲೆ ನಮ್ಮ ಎಡದಂಡೆ ಕಾಲುವೆ

ಕಾಂಬೋಡಿಯಾ, ವಿಯೆಟ್ನಾಂ ಸುತ್ತಿ ಊರಿಗೆ ಬಂದು ಸ್ವಲ್ಪ ದಿನ ಆಯಿತು. ಕಾರಟಗಿಯಲ್ಲಿ ಸಿಕ್ಕವರೆಲ್ಲ ಅಂಕೋರ್ ವಾಟ್ ಬಗ್ಗೆ ಕೇಳುತ್ತಾರೆ. ಹಂಪಿ ನೋಡುತ್ತಾ ಬೆಳೆದ ನಮಗೂ ಬೆರಗು ಹುಟ್ಟಿಸುವ ಗುಡಿ ಅದು, ಅವಕಾಶ ಸಿಕ್ಕರೆ ಹೋಗಿ ಬನ್ನಿ. ನಾನು ಇವತ್ತು ಬರೆಯಬೇಕು ಅಂತಿರುವುದು ನೆಲ್ಲಿನ ಬಗ್ಗೆ, ನೀರಿನ ಬಗ್ಗೆ.

ಮೆಕಾಂಗ್ ನದಿ ಸಮುದ್ರ ಸೇರುವ ವಿಯೆಟ್ನಾಂನ ಬಯಲು ಕಣ್ಣು ಹಾಯಿಸಿದಷ್ಟೂ ಭತ್ತವೇ. ಕಾಂತೋ ಊರಿನಿಂದ ಬಸ್ಸಿನಲ್ಲಿ ಹೋಗುವಾಗ ಗಂಗಾವತಿ ರಸ್ತೆಯಲ್ಲೇ ಇದ್ದೇನೆ ಅನ್ನಿಸಿತು. 2019ರಲ್ಲಿ ಜಗತ್ತಿನ ಅತ್ಯುತ್ತಮ ಅಕ್ಕಿ ಅಂತ ಹೆಸರು ಪಡೆದ ಎಸ್‌ಟಿ25 ತಳಿ ಹುಟ್ಟಿದ್ದು ಈ ಬಯಲಿನ ಸೋಕ್ ಚಾಂಗ್‌ನಲ್ಲಿ. ಆದರೆ ಅಲ್ಲಿನ ರೈತರಿಗೂ ನಿದ್ದೆಯಿಲ್ಲ. ಬೇಸಿಗೆಯಲ್ಲಿ ನದಿ ಇಳಿದರೆ ಸಮುದ್ರದ ಉಪ್ಪುನೀರು ಕಾಲುವೆಗಳಿಗೆ ನುಗ್ಗುತ್ತದೆ. 2016ರಲ್ಲೂ 2020ರಲ್ಲೂ ಹಾಗೆ ದೊಡ್ಡ ಹೊಡೆತ ಬಿತ್ತು. ಮೇಲೆ ಕಟ್ಟಿದ ಅಣೆಕಟ್ಟುಗಳಿಂದಾಗಿ ಹೊಲಕ್ಕೆ ಬರಬೇಕಾದ ಹೂಳೂ ಕಡಿಮೆಯಾಗಿದೆ. ನಮ್ಮ ತುಂಗಭದ್ರೆಯ ಡ್ಯಾಮಿನಲ್ಲಿ ಅದೇ ಹೂಳು ತುಂಬಿ 133 ಟಿಎಂಸಿ ಇದ್ದ ಜಾಗ ಸುಮಾರು 105ಕ್ಕೆ ಇಳಿದಿದೆ. ಅಲ್ಲಿ ಹೂಳು ಬರಲಿಲ್ಲ ಅಂತ ಸಂಕಟ, ಇಲ್ಲಿ ಬಂತು ಅಂತ.

ನನಗೆ ಹಿಡಿಸಿದ್ದು ಒಂದು ಪೈಪು. ಅಂಗೈ ಅಗಲದ ಪಿವಿಸಿ ಪೈಪು, ಉದ್ದ ಒಂದು ಅಡಿ. ಕೆಳಗಿನ ಅರ್ಧಕ್ಕೆ ತೂತು ಕೊರೆದು ಗದ್ದೆಯಲ್ಲಿ ಹೂಳುತ್ತಾರೆ. ಒಳಗೆ ಇಣುಕಿದರೆ ಮಣ್ಣಿನ ಕೆಳಗೆ ನೀರು ಎಷ್ಟಿದೆ ಅಂತ ಕಾಣುತ್ತದೆ. ಮೇಲೆ ನೀರು ಇಂಗಿದರೂ ಗಾಬರಿ ಇಲ್ಲ. ಕೆಳಗೆ 15 ಸೆಂಟಿಮೀಟರ್‌ವರೆಗೆ ಇಳಿದ ಮೇಲೆಯೇ ಮತ್ತೆ ನೀರು ಕಟ್ಟುವುದು. ನಾಟಿಯಾದ ಹೊಸದರಲ್ಲಿ ಮತ್ತು ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಬೇಕು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಪದ್ಧತಿ ಇದು. ಇಳುವರಿ ಇಳಿಯದೆ ಶೇ. 30ರವರೆಗೂ ನೀರು ಉಳಿಸಬಹುದು. ಪೈಪಿಲ್ಲದವರು ಬಿದಿರಿನ ತುಂಡು ಹೂಳಿದರೂ ನಡೆಯುತ್ತದೆ.

ಇದು ನನ್ನನ್ನು ಯಾಕೆ ಇಷ್ಟು ಕಾಡಿತು ಅಂದರೆ, ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿದೆ, ಅಕ್ಕನನ್ನು ಕೊಟ್ಟಿರುವುದು ಮಾನ್ವಿ ಕಡೆಯ ಕೊನೆ ಭಾಗಕ್ಕೆ. ನಮ್ಮಲ್ಲಿ ಮೊಣಕಾಲವರೆಗೆ ನೀರು ನಿಂತಿರುವ ದಿನವೇ ಅವರ ಉಪಕಾಲುವೆಯಲ್ಲಿ ಧೂಳು ಹಾರುತ್ತಿರುತ್ತದೆ. 227 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು ಯೋಜಿಸಿದ್ದೇ ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲಿನವರು ನೆಲ್ಲು ಹಾಕಿದೆವು. ಕೆಳಗಿನವರಿಗೆ ನೀರು ಮುಟ್ಟಲಿಲ್ಲ, ನಮ್ಮಲ್ಲೂ ಎಷ್ಟೋ ಹೊಲ ಉಪ್ಪೇರಿ, ನೀರು ನಿಂತು ಸವಳು-ಜವಳಾಯಿತು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ಎಲ್ಲರೂ ಹೊಳೆಗೆ ಹೋಗುವ ನೀರಿಗಾಗಿ ಮರುಗಿದೆವು. ನಮ್ಮ ಮಡಿಗಳಿಂದ ವರ್ಷವೂ ಬಸಿದು ಹೋಗುವ ನೀರಿಗೆ ಯಾರು ಮರುಗಬೇಕು?

ಪೈಪಿನ ಫೋಟೋ ತೋರಿಸಿದಾಗ ಮಾವ, ಅಂದರೆ ಅಕ್ಕನ ಗಂಡ, ಒಂದೇ ಮಾತು ಕೇಳಿದರು. "ಮುಂದಿನ ನೀರು ಯಾವಾಗ ಬರ್ತದ ಅಂತ ಗೊತ್ತಿಲ್ದಾಗ, ಬಂದ ನೀರು ಯಾರು ಬಿಡ್ತಾರಪಾ?"

ಅವರ ಮಾತು ಸರಿ. ಮೇಲ್ಭಾಗದ ರೈತ ಮಡಿ ತುಂಬಿಸಿಕೊಳ್ಳುವುದು ಬರೀ ಆಸೆಯಿಂದ ಅಲ್ಲ, ಭಯದಿಂದ. ಪೈಪು ನೋಡಿ ನೀರು ಕಟ್ಟಬೇಕಾದರೆ ಕಾಲುವೆಯಲ್ಲಿ ಹೇಳಿದ ದಿನ ನೀರು ಇರಲೇಬೇಕು. ಅದಕ್ಕೇ ನನ್ನ ಒತ್ತಾಯ ಇಷ್ಟು: ಪ್ರತಿ ಉಪಕಾಲುವೆಗೂ ಯಾವ ದಿನ ಎಷ್ಟು ನೀರು ಅಂತ ಬಿತ್ತನೆಗೆ ಮೊದಲೇ ಬರೆದು ತೂಬಿನ ಹತ್ತಿರ ಹಾಕಲಿ. ಸವಳು ಭೂಮಿಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ. ಅಲ್ಲಿನವರ ಜೊತೆ ಕೂತು ಊರಿಗೆ ನಾಲ್ಕು ಹೊಲದಲ್ಲಾದರೂ ಇದನ್ನು ಮಾಡಿ ತೋರಿಸಬೇಕು.

ಅಪ್ಪ ಈ ಮುಂಗಾರಿಗೆ ಒಂದು ಎಕರೆ ಬಿಟ್ಟುಕೊಡಲು ಒಪ್ಪಿದ್ದಾರೆ. ಕಪ್ಪು ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ ಅನ್ನುವ ಚಿಂತೆ ಅವರದು. ಸಿಂಧನೂರು, ಸಿರುಗುಪ್ಪ ಕಡೆ ಎರೆ ಹೊಲದಲ್ಲಿ ಈಗಾಗಲೇ ಮಾಡಿ ನೋಡಿದವರಿದ್ದರೆ, ಎಷ್ಟು ದಿನಕ್ಕೊಮ್ಮೆ ನೀರು ಕಟ್ಟಿದಿರಿ, ಕಳೆ ಜಾಸ್ತಿ ಆಯಿತಾ, ದಯವಿಟ್ಟು ತಿಳಿಸಿ.